ಹೊಸ ಬಟ್ಟೆಯ ಚಿಕ್ಕಿ ಕೌದಿ

ಈ ಕೆಂಪು ಬೇಡ, ಹಳದಿಯ ಪಕ್ಕ ಇಟ್ಟರೆ ಕಣ್ಣಿಗೆ ಚುಚ್ಚುತ್ತದೆ, ನಡುವೆ ಗಿಳಿಹಸಿರು ಇಟ್ಟು ನೋಡೋಣ, ಹಾಂ, ಈಗ ಕೆಂಪೂ ತಣ್ಣಗಾಯಿತು — ಕಿಟಕಿಯಿಂದ ಬಿಸಿಗಾಳಿ ಬಂದು ತುಂಡುಗಳನ್ನು ಹಾರಿಸುತ್ತದೆ, ಕೋಟೆ ಗುಡ್ಡದ ಬಂಡೆ ಬೆಳಿಗ್ಗೆಯಿಂದ ಕಾದು ಈಗ ಉಸಿರು ಬಿಡುವ ಹೊತ್ತು, ಕಿಟಕಿ ಮುಚ್ಚಿದರೆ ಬಣ್ಣ ಕಾಣುವುದಿಲ್ಲ, ತೆರೆದರೆ ಬಣ್ಣ ನಿಲ್ಲುವುದಿಲ್ಲ, ಕತ್ತರಿಯನ್ನು ಒಂದರ ಮೇಲೆ ಇಡುತ್ತೇನೆ, ಅಡಕೊತ್ತನ್ನು ಇನ್ನೊಂದರ ಮೇಲೆ. ಎಂಟು ತುಂಡು, ಎಂಟೂ ಶಂಕರಪೋಳಿಯ ಆಕಾರ, ಯಾರದೋ ಮದುವೆ ಪತ್ರಿಕೆಯ ರಟ್ಟು ಕತ್ತರಿಸಿ ಅಚ್ಚು ಮಾಡಿಕೊಂಡೆ, ಎಂಟರ ಮೊನೆಯೂ ನಡುವೆ ಒಂದೇ ಕಡೆ ಕೂಡಿದರೆ ಚಿಕ್ಕಿ, ಆಕಾಶದ ನಕ್ಷತ್ರದಂಥದು. ಒಂಬತ್ತು ಚಿಕ್ಕಿ ಹಾಕಬೇಕು ಅಂದುಕೊಂಡಿದ್ದೆ, ಇವತ್ತು ಶನಿವಾರ, ಸೋಮವಾರ ಸಿರುಗುಪ್ಪಕ್ಕೆ ಹೋಗಬೇಕು, ನಾಲ್ಕಾದರೆ ನಾಲ್ಕು, ಕೂಸಿನ ಕೌದಿ ತಾನೆ. ಕೂಸಿನ ಕೌದಿ — ಈ ಮಾತನ್ನು ಮನಸ್ಸಿನಲ್ಲೇ ಅಂದರೂ ಕಿವಿ ಬೆಚ್ಚಗಾಗುತ್ತದೆ, ಮದುವೆಯಾಗಿ ಹನ್ನೊಂದು ವರ್ಷ, ಓಣಿಯವರ ಕೂಸುಗಳಿಗೆಲ್ಲ ಎಷ್ಟು ಕೌದಿ ಹೊಲಿದುಕೊಟ್ಟೆ, ಎಲ್ಲವೂ ಅವರವರ ಅಜ್ಜಿಯ ಹಳೆ ಸೀರೆಯವು, ಮೆತ್ತನೆಯವು. ಇದೊಂದೇ ಪೂರ್ತಿ ಹೊಸ ಬಟ್ಟೆಯದು, ಈ ಕೂಸಿಗೆ ಹಳೆಯದು ಕೊಡುವವರು ಯಾರೂ ಇಲ್ಲವಲ್ಲ.

ವಿಜಯಾಬಾಯಿಯವರು ಮೊದಲು ನಮ್ಮ ಪಕ್ಕದ ಮನೆಯಲ್ಲಿದ್ದ ನರ್ಸು, ಸಿರುಗುಪ್ಪಕ್ಕೆ ವರ್ಗವಾಗಿ ಹೋದವರು, ಹೋದ ತಿಂಗಳು ಕಾರ್ಡು ಬರೆದರು, ಭದ್ರಮ್ಮ, ಒಂದು ಹೆಣ್ಣುಕೂಸು ಅದರಿ, ಬಂದು ನೋಡಿ ಹೋಗ್ರಿ. ಹೊಳೆಯಾಚೆಯಿಂದ ಭತ್ತದ ಕೊಯ್ಲಿಗೆ ಬಂದಿದ್ದ ಜನ, ತಾಯಿ ಗದ್ದೆಯ ಗುಡಿಸಿಲಲ್ಲೇ ಹೆತ್ತು, ಯಾರನ್ನಾದರೂ ಕರೆಯುವ ಮೊದಲೇ ಕಣ್ಣು ಮುಚ್ಚಿದ್ದಳು, ಅಪ್ಪ ಮಾರೆಣ್ಣ ಕೂಸನ್ನು ಪಂಚೆಯಲ್ಲಿ ಸುತ್ತಿಕೊಂಡು ವಿಜಯಾಬಾಯಿಯವರ ಮನೆ ಬಾಗಿಲಿಗೆ ಬಂದು ನಿಂತನಂತೆ. ನಾನು ಹೋದ ದಿನ ಅವನೂ ಇದ್ದ, ನೆಲ ನೋಡುತ್ತಾ ಹೇಳಿದ, ಕೂಲಿ ಹುಡಿಕ್ಕೊಂಡು ಊರೂರು ತಿರಗಾಂವ ನಾನು, ಇದನ್ನ ಹೆಂಗ ಬದುಕಸ್ಲಿ ತಾಯಿ. ಸೋಮವಾರ ಅವನು ದತ್ತಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಾನೆ, ನಾವು ಸಹಿ ಹಾಕಬೇಕು, ಆವತ್ತು ನೀವು ಬರಲಿಲ್ಲಂದ್ರ ಅನಾಥಾಲಯಕ್ಕ ಕಳಸತಾರ, ಆಮೇಲೆ ನನ್ನ ಕೈಯಾಗ ಏನೂ ಇರೂದಿಲ್ಲರಿ, ಅಂದರು ವಿಜಯಾಬಾಯಿಯವರು.

ಕುರುಗೋಡಿಗೆ ಹೋಗಿ ಅತ್ತೆಗೆ ಹೇಳಿದ್ದು ತಪ್ಪಾಯಿತೋ ಏನೋ, ಹೇಳದಿದ್ದರೂ ತಪ್ಪೇ. ಪೆಟ್ಟಿಗೆ ತುಂಬ ಹಳೆ ಸೀರೆ, ಕೌದಿಗೆ ಒಂದು ಕೊಡ್ರಿ ಅತ್ತಿ ಅಂದೆ, ಗುರುಬಸಮ್ಮ, ನನ್ನ ಅತ್ತೆ, ಪೆಟ್ಟಿಗೆಯ ಮೇಲೇ ಕೂತುಬಿಟ್ಟರು, ಯಾರ ಕೂಸೋ, ಯಾವ ಕುಲವೋ, ನನ್ನ ಸೀರಿ ಅದಕ್ಯಾಕ ಹರೀಲಿ. ಜೊತೆಗೆ ಬಂದಿದ್ದ ಇವರು, ನನ್ನ ಗಂಡ, ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತಾ ಕೂತರು, ಕೊಳಗಲ್ಲು ದಾಟಿದ ಮೇಲೆ ಶುರುಮಾಡಿದರು, ಅವ್ವ ಒಲ್ಲೆ ಅಂದ್ರ — ಅಷ್ಟಕ್ಕೇ ನಿಲ್ಲಿಸಿದರು. ಆಗ ನನ್ನ ಬಾಯಿಂದ ಬಂತಲ್ಲ ಆ ಮಾತು, ಎಲ್ಲಿತ್ತೋ, ನೀವು ಬಂದ್ರ ಇಬ್ರು ಹೋಗೂದು, ಬರದಿದ್ರ ನಾ ಒಬ್ಬಾಕಿ ಹೋಗತೀನ್ರಿ. ಮುಂದಿನ ಸೀಟಿನವನು ತಿರುಗಿ ನೋಡಿದ. ಮಾರನೆಯ ದಿನ ಸಂಜೆ ಇವರು ಬಟ್ಟೆ ಅಂಗಡಿ ಕೆಲಸ ಮುಗಿಸಿ ಬಂದವರು ಚೀಲದಿಂದ ದಪ್ಪನೆಯ ಪುಸ್ತಕ ತೆಗೆದರು, ಬೊಂಬಾಯಿ ಮಿಲ್ಲಿನ ಏಜೆಂಟ್ ತಂದ ಹೊಸ ಮಾಲಿನ ನಮೂನೆಗಳು, ಮಾಲೀಕರು ಆರ್ಡರ್ ಕೊಟ್ಟಾದ ಮೇಲೆ ಬೇಡವೆಂದದ್ದು, ಪುಟಕ್ಕೊಂದು ತುಂಡು, ಅಂಚು ಹಲ್ಲುಹಲ್ಲಾಗಿ ಕತ್ತರಿಸಿದ್ದು, ಮೂಲೆಯಲ್ಲಿ ನಂಬರಿನ ಚೀಟಿ. ತಗೋ, ಪ್ಯಾಟ್ಯಾಗ ಇನ್ನೂ ಯಾರೂ ಕಣ್ಣಿಲೆ ನೋಡಿಲ್ಲ ಇವನ್ನ, ಅಂದರು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎನ್ನಲಿಲ್ಲ, ಪುಸ್ತಕ ತಂದರು, ನಾನು ಇದನ್ನು ಹೇಗೆ ಓದಿಕೊಳ್ಳಬೇಕು —

ಎಂಟನೆಯದು ಕೂಡಿಸಿದೆ, ಅಯ್ಯೋ, ಕೂತಿಲ್ಲ, ನಡುವೆ ಉಬ್ಬಿ ನಿಂತಿದೆ, ಅಂಗೈಯಿಂದ ಒತ್ತಿದರೆ ಕೂರುತ್ತದೆ, ಕೈ ತೆಗೆದರೆ ಮತ್ತೆ ಏಳುತ್ತದೆ, ಒಂದೊಂದು ಹೊಲಿಗೆಯಲ್ಲೂ ಎಳೆಯಷ್ಟು ತಪ್ಪಿದೆ, ಎಂಟು ಸಲ ಎಳೆಯಷ್ಟು ತಪ್ಪಿದರೆ ಇಷ್ಟು, ಹನ್ನೊಂದು ವರ್ಷ ಹೊಲಿದ ಕೈ, ಚೌಕ, ತ್ರಿಕೋಣ ಎಲ್ಲ ಬರುತ್ತದೆ, ಇದೊಂದು ಬರುವುದಿಲ್ಲವೇ, ಬಾಗಿಲಲ್ಲಿ ಯಾರೋ, ಚಪ್ಪಲಿ ಬಿಟ್ಟ ಸಪ್ಪಳ — ಅತ್ತೆ. ಕಂಕುಳಲ್ಲಿ ಗಂಟು, ಸೆರಗಿನ ತುಂಬ ಬಸ್ಸಿನ ಧೂಳು. ಬರ್ರಿ ಅತ್ತಿ ಅಂದೆ, ತಂಬಿಗೆ ನೀರು ಮುಂದಿಟ್ಟೆ, ಮುಟ್ಟಲಿಲ್ಲ, ತಡೆಯಲು ಬಂದಿದ್ದಾರೆ, ಸೋಮವಾರದವರೆಗೆ ಹೊಸ್ತಿಲಲ್ಲೇ ಕೂರಲು ಬಂದಿದ್ದಾರೆ, ನಾನು ಏನು ಹೇಳಬೇಕು, ಬಸ್ಸಿನಲ್ಲಿ ಹೇಳಿದ್ದನ್ನೇ ಹೇಳಬೇಕು. ಅವರು ಕೂತರು, ನೆಲದಲ್ಲಿದ್ದ ಚಿಕ್ಕಿ ಎತ್ತಿಕೊಂಡರು, ಕಣ್ಣಿಗೆ ಹತ್ತಿರ, ದೂರ, ತಿರುಗಿಸಿ ಹಿಂಬದಿ. ನಡುವ ಪೂರಿಯಂಗ ಉಬ್ಬೇತಲ್ಲ ಇದು, ಒಂದಕ್ಕೊಂದು ಸುತ್ತ ಹಚ್ಚಕೋಂತ ಹೋದ್ರ ಹಿಂಗ ಆಗೂದ, ಎರಡೆರಡು ಕೂಡಸು, ಆಮ್ಯಾಲ ನಾಕು ಈ ಕಡಿ ನಾಕು ಆ ಕಡಿ, ಕಡೀಕ ನಡುವ ಒಂದ ನೆಟ್ಟನ ಹೊಲಿಗಿ. ಹೇಳುತ್ತಲೇ ಸೂಜಿಯ ಮೊನೆಯಿಂದ ನನ್ನ ಹೊಲಿಗೆ ಬಿಚ್ಚತೊಡಗಿದರು, ಬಿಚ್ಚಲಿ, ಎಲ್ಲವನ್ನೂ ಬಿಚ್ಚಲಿ, ನನಗೆ ಅರ್ಥವಾಗುತ್ತಿಲ್ಲ, ಅತ್ತೆ ಬಟ್ಟೆಯ ತುಂಡನ್ನು ಬೆರಳಲ್ಲಿ ತಿಕ್ಕಿ ನೋಡುತ್ತಾರೆ, ಗಂಜಿ ತೊಳದೀಯೇನು, ಇಲ್ರಿ ಅಂದೆ, ಹಂಗ ಹೊಚ್ಚೀಯಂದ್ರ ಕೂಸಿನ ಮೈ ಕೆಂಪಾಗತೈತಿ, ಎರಡು ನೀರಾಗ ನೆನಿಹಾಕು, ಕೆಂಪು ಬ್ಯಾರೆ ಇಡು, ಬಣ್ಣ ಬಿಟ್ಟೀತು. ಕೂಸಿನ ಮೈ ಅಂದರು. ಯಾರ ಕೂಸೋ ಎನ್ನಲಿಲ್ಲ.

ಬಕೆಟ್ಟಿಗೆ ನೀರು ತುಂಬುತ್ತಿದ್ದೇನೆ, ಬೆನ್ನ ಹಿಂದೆ ಅತ್ತೆಯ ದನಿ, ನಿನ್ನಿ ನನ್ನ ಮಗ ಕೊಟ್ರ ಊರಿಗೆ ಬಂದಿದ್ದ. ಇವರೇ, ನಿನ್ನೆ, ಅಂಗಡಿಗೆ ಹೋಗುತ್ತೇನೆಂದು ಹೋದವರು. ಸೋಮವಾರ ನಾವಿಬ್ರೂ ಹೋಗೋರ ಅವ್ವಾ, ನೀ ಸಿಟ್ಟಾದ್ರೂ ಹೋಗೋರ, ಅಂದ, ಹುಟ್ಟಿದಾಗಿಂದ ನನಗ ಎದುರ ಮಾತಾಡಿದಾಂವ ಅಲ್ಲ ಅವ. ನೀರು ತುಂಬಿ ಚೆಲ್ಲುತ್ತಿದೆ, ನಿಲ್ಲಿಸುವುದನ್ನು ಮರೆತಿದ್ದೇನೆ, ಎರಡು ರಾತ್ರಿ ನಿದ್ದೆಗೆಟ್ಟು ಮಗ್ಗಲು ಬದಲಿಸುತ್ತಿದ್ದ ಮನುಷ್ಯ — ಭದ್ರೀ, ನೀರು. ಹೂಂ ಅತ್ತಿ. ಕೂಸು ಎಷ್ಟುದ್ದ ಐತಿ? ತಿರುಗಿ ನೋಡಿದರೆ ಅವರು ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಕೇಳುತ್ತಿದ್ದಾರೆ, ಮುಖದಲ್ಲಿ ನಗುವಿಲ್ಲ, ಅಳತಿ ಗೊತ್ತಿಲ್ದ ಕೌದಿ ಹೆಂಗ ಹೊಲಿತೀ, ಹೇಳು. ಟೇಪು ಹಿಡಿದಿಲ್ಲ ನಾನು, ವಿಜಯಾಬಾಯಿಯವರು ಕೈಗೆ ಕೊಟ್ಟಾಗ ತಲೆ ಇಲ್ಲಿತ್ತು, ಮೊಣಕೈ ಮಡಿಕೆಯಲ್ಲಿ, ಪಾದ ಇಲ್ಲಿ, ಒದ್ದೆ ಕೈಗಳನ್ನೇ ಎತ್ತಿ ಗಾಳಿಯಲ್ಲಿ ಹಿಡಿಯುತ್ತೇನೆ, ಇಷ್ಟ್ರಿ ಅತ್ತಿ. ಅತ್ತೆ ಎದ್ದು ಬಂದು ನನ್ನ ಎರಡು ಕೈಗಳ ನಡುವೆ ಗೇಣು ಹಾಕುತ್ತಾರೆ, ಒಂದು, ಎರಡು, ಮೇಲೆ ನಾಲ್ಕು ಬೆರಳು, ಅಲ್ಲಾಡಸಬ್ಯಾಡ, ಇನ್ನೊಮ್ಮೆ ನೋಡ್ತೀನಿ, ಅಲ್ಲಾಡಿಸುವುದಿಲ್ಲ, ಬೆರಳ ತುದಿಯಿಂದ ನೀರು ಇಳಿಯುತ್ತಿದೆ, ಎರಡು ಕೈ, ನಡುವೆ ಇಷ್ಟು ಜಾಗ, ಎರಡು ಕೈ, ನಡುವೆ ಇಷ್ಟು —