ಹಂದಿ ಹೊಂಡದ ಪಕ್ಕದ ಮನೆ

ಲರ್ಲೀನ್ ಫೇಸನ್ ಅವತ್ತು ಚರ್ಚಿನಿಂದ ಬಂದವಳೇ ಅಂಗಳದ ಪೀಕನ್ ಮರದಡಿ ಮೇಜು ಹಾಕಿಸಿದ್ದಳು. ತಾಯಿ ವರ್ನೆಲ್‌ಗೆ ತೊಂಬತ್ತು ತುಂಬಿತ್ತು, ನೆಂಟರೆಲ್ಲ ಬಂದಿದ್ದರು. ಆ ಮರ ನೆಟ್ಟದ್ದು ಅವಳೇ. ಆದರೆ ಪಕ್ಕದಲ್ಲಿ ಹಂದಿ ಕೊಟ್ಟಿಗೆಗಳು ಎದ್ದಮೇಲೆ ಉಬ್ಬಸ ಹಿಡಿದು ಅವಳು ಹೊಸಿಲು ದಾಟಿದ್ದೇ ಅಪರೂಪ. ಇವತ್ತೊಂದು ದಿನ ಮರದ ಕೆಳಗೆ ಕೂತು ಉಣ್ಣಬೇಕು ಅನ್ನುವುದಷ್ಟೇ ಅವಳ ಆಸೆ.

ಕರಿದ ಕೋಳಿ, ಗೆಣಸಿನ ಪೈ ಮೇಜಿಗೆ ಬರುವಷ್ಟರಲ್ಲಿ ಆಚೆ ಹೊಲದಲ್ಲಿ ಪಂಪು ಗುರುಗುಟ್ಟಿತು. ಕೊಟ್ಟಿಗೆಗಳ ಹಿಂದಿನ ಹೊಂಡದಲ್ಲಿ ತುಂಬಿದ್ದ ಹಂದಿ ಹೇಲು ಹೊಲದ ಮೇಲೆ ಕಂದು ಕಾರಂಜಿಯಾಗಿ ಚಿಮ್ಮಿತು. ಗಾಳಿ ಇತ್ತಲೇ ಬೀಸುತ್ತಿತ್ತು.

"ಮೇಜಿಗೆ ಬಟ್ಟೆ ಹೊದಿಸು, ಈಗ ಬಂದೆ," ಎಂದು ತಂಗಿ ಒಡೆಸಾಗೆ ಹೇಳಿ ಲರ್ಲೀನ್ ಬೇಲಿಯತ್ತ ನಡೆದಳು.

ಕೊಟ್ಟಿಗೆಗಳ ಒಡೆಯ ಗ್ರೇಡಿ ಹಾಬ್ಸ್ ಪಂಪಿನ ಹತ್ತಿರ ನಿಂತಿದ್ದ. ಚಿಕ್ಕಂದಿನಲ್ಲಿ ಇಬ್ಬರೂ ಇದೇ ನೆಲದಲ್ಲಿ ತಂಬಾಕು ಕಿತ್ತವರು.

"ಭಾನುವಾರಾನೂ ಬಿಡಲ್ವಾ ಗ್ರೇಡಿ? ಅಮ್ಮನ ಹುಟ್ಟುಹಬ್ಬ ಕಣೋ. ಸಂಜೆವರೆಗಾದ್ರೂ ನಿಲ್ಸು."

"ಗೊತ್ತಿರ್ಲಿಲ್ಲ." ಅವನು ಟೋಪಿ ತೆಗೆದ. "ಹೊಂಡ ತುಂಬಿ ಅಂಚಿಗೆ ಬಂದಿದೆ ಲರ್ಲೀನ್, ಮಳೆಗೆ ಮುಂಚೆ ಇಳಿಸ್ಬೇಕು. ಚಂಡಮಾರುತ ಬರುತ್ತೆ ಅಂತ ರೇಡಿಯೋದಲ್ಲಿ ಬಡ್ಕೋತಿದಾರೆ."

"ಹಾಗಿದ್ರೆ ಇಷ್ಟೊಂದು ಹಂದಿ ಯಾಕೆ ತುಂಬ್ಕೊಂಡೆ?"

"ನಾನು ತುಂಬ್ಕೊಂಡ್ನಾ? ಲಾರೀಲಿ ತಂದು ಸುರಿಯೋರು ಮಾಂಸದ ಕಂಪನಿಯೋರು, ಬೆಳೆದ್ಮೇಲೆ ತುಂಬ್ಕೊಂಡು ಹೋಗೋರೂ ಅವರೇ. ಹಂದಿ ಕಂಪನೀದು, ಹೇಲು ಮಾತ್ರ ನಂದು." ನಗಲು ಹೋಗಿ ಕೆಮ್ಮಿದ. "ನನ್ನ ಹೆಂಡ್ತೀನೇ ಉಸಿರಾಡೋಕಾಗದೆ ತಂಗಿ ಮನೆ ಸೇರ್ಕೊಂಡಿದಾಳೆ."

ಬೈಯಬೇಕೆಂದೇ ಬಂದಿದ್ದವಳು ಬೇಲಿ ಕಂಬಕ್ಕೆ ಒರಗಿದಳು.

ಗ್ರೇಡಿ ಪಂಪಿನ ಸ್ವಿಚ್ಚಿನ ಮೇಲೆ ಕೈಯಿಟ್ಟ. "ನೀನು ಹೇಳಿದ್ರೆ ನಿಲ್ಲಿಸ್ತೀನಿ. ಆದ್ರೆ ಮಳೆ ಬಂದು ಹೊಂಡದ ಏರಿ ಒಡೆದ್ರೆ ಅದು ಮೊದಲು ಹೋಗೋದು ನಿನ್ನ ಬಾವಿಗೆ. ಹೇಳು, ಏನ್ ಮಾಡ್ಲಿ?"

ಹಿಂದೊಮ್ಮೆ ಏರಿ ಒಡೆದಿದ್ದು ಅವಳಿಗೆ ನೆನಪಿತ್ತು. ಹಳ್ಳದ ತುಂಬ ಮೀನು ಹೊಟ್ಟೆ ಮೇಲಾಗಿ ತೇಲಿದ್ದವು. ಊರಿಗೆ ಊರೇ ಬಾಟಲಿ ನೀರಲ್ಲಿ ಸ್ನಾನ ಮಾಡಿತ್ತು. ಮನೆ ಮಾರೋಣವೆಂದರೆ ನೋಡಲು ಬಂದವರು ಕಾರಿನಿಂದಲೇ ಇಳಿಯುತ್ತಿರಲಿಲ್ಲ. ತಿರುಗಿ ನೋಡಿದಳು. ವರ್ನೆಲ್ ನೇರಳೆ ಟೋಪಿ ಧರಿಸಿ, ಒಡೆಸಾಳ ತೋಳು ಹಿಡಿದು, ಆಗಲೇ ಮೆಟ್ಟಿಲಿಗೆ ಬಂದಿದ್ದಳು.

"ಓಡಿಸು," ಎಂದಳು ಲರ್ಲೀನ್.

"ಏನಂದೆ?"

"ಪಂಪು ಓಡಿಸು ಅಂದೆ. ಇನ್ನೊಂದ್ಸಲ ಹೇಳಿಸ್ಬೇಡ ನನ್ನ ಕೈಲಿ."

ಮನೆಗೆ ಬಂದು ಮೇಜು ಒಳಗೆ ಹೊರಿಸಿದಳು. ಕಿಟಕಿಗಳನ್ನೆಲ್ಲ ಮುಚ್ಚಿ, ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕಿದಳು. ನೆಂಟರು ಆ ಸೆಕೆಯಲ್ಲಿ ಭುಜಕ್ಕೆ ಭುಜ ಒತ್ತಿಕೊಂಡು ತಟ್ಟೆ ಹಿಡಿದು ನಿಂತರು. ಹುಟ್ಟುಹಬ್ಬದ ಹಾಡು ಅರ್ಧಕ್ಕೇ ನಿಂತಿತು, ವರ್ನೆಲ್ ಕೆಮ್ಮತೊಡಗಿದ್ದಳು. ಲರ್ಲೀನ್ ಉಬ್ಬಸಕ್ಕೆ ಔಷಧದ ಹಬೆ ಕೊಡುವ ಯಂತ್ರ ತಂದು ಅವಳ ಮೂಗಿಗೆ ಹಿಡಿದಳು.

ಉಸಿರು ಹದಕ್ಕೆ ಬಂದಮೇಲೆ ಮುದುಕಿ ಕಿಟಕಿ ಗಾಜಿನತ್ತ ನೋಡಿದಳು. ಅದರ ಮೇಲೆ ಕಂದು ಹನಿಗಳು ಇಳಿಯುತ್ತಿದ್ದವು.

"ನಿಲ್ಸು ಅಂತ ಹೇಳೋಕೆ ಹೋಗಿದ್ಯಲ್ಲ, ಏನಂದ ಆ ಹುಡುಗ?"

ಲರ್ಲೀನ್ ತಾಯಿಯ ಟೋಪಿ ಸರಿಮಾಡಿದಳು. "ಆಗಲ್ಲ ಅಂದ ಅಮ್ಮ."

ಚಂಡಮಾರುತ ಮರುದಿನ ಕಡಲ ಕಡೆಗೇ ತಿರುಗಿಹೋಯಿತು. ಊರಿಗೆ ಒಂದು ಹನಿ ಮಳೆಯೂ ಬೀಳಲಿಲ್ಲ. ಲರ್ಲೀನ್ ಬಕೆಟ್ಟು ತೆಗೆದುಕೊಂಡು ಹೊರಗೆ ಬಂದು ಗಾಜು ಉಜ್ಜತೊಡಗಿದಳು.