ಕಲ್ಲಡಿಯ ಒಪ್ಪೋಲೆ

ನಾನು ಒಂದು ಕಲ್ಲು. ಹುಟ್ಟಿದ್ದು ಮಾತ್ರ ಕೆಸರಾಗಿ. ಆಗ ಭೂಮಿಯ ಮೇಲೆ ಹುಲ್ಲಿರಲಿಲ್ಲ, ಹಕ್ಕಿಯಿರಲಿಲ್ಲ, ನನ್ನನ್ನು ಕೆಸರೆಂದು ಕರೆಯುವ ಬಾಯಿಯೂ ಇರಲಿಲ್ಲ. ಒಂದು ಬೆಚ್ಚನೆಯ ಕಡಲಿನ ತಳದಲ್ಲಿ ಕಣಕಣವಾಗಿ ಇಳಿದು ಕೂತೆ. ಮುನ್ನೂರು ಕೋಟಿ ವರ್ಷಗಳ ಹಿಂದಿನ ಮಾತು. ಹತ್ತಿಪ್ಪತ್ತು ಕೋಟಿ ಹೆಚ್ಚುಕಡಿಮೆಯಾದರೆ ಓದುಗರು ಹೊಟ್ಟೆಗೆ ಹಾಕಿಕೊಳ್ಳಬೇಕು. ನನ್ನ ಮೇಲೆ ಮತ್ತಷ್ಟು ಕೆಸರು ಬಿತ್ತು, ಅದರ ಮೇಲೆ ಇನ್ನಷ್ಟು. ಆ ಭಾರಕ್ಕೆ ನಾನು ಆಳಕ್ಕೆ ಇಳಿಯುತ್ತಾ ಹೋದೆ. ಅಲ್ಲಿ ಕರಗುವಷ್ಟಲ್ಲದಿದ್ದರೂ ಕನಸು ಕಾಣುವಷ್ಟು ಬಿಸಿಯಿತ್ತು. ಒಳಗಿನ ಕಣಗಳು ಮೆಲ್ಲಗೆ ಜಾಗ ಬದಲಿಸಿ ಹೊಸದಾಗಿ ಸೇರಿಕೊಂಡವು. ಅಭ್ರಕದ ಹೊಳೆಯುವ ಪದರಗಳಾದವು. ಅಲ್ಲಲ್ಲಿ ದಾಳಿಂಬೆ ಬಣ್ಣದ ಗಾರ್ನೆಟ್ ಮೂಡಿತು. ನನ್ನ ಎದೆಯ ನಡುವೆ ಎರಡು ಕಂದು ಹರಳುಗಳು ಒಂದನ್ನೊಂದು ಹಾದು ಬೆಳೆದು, ಕೂಡುವ ಲೆಕ್ಕದ ಗುರುತಿನ ಹಾಗೆ ನಿಂತವು. ಅಂಥದ್ದಕ್ಕೆ ಅವಳಿ ಹರಳು ಎಂದು ಹೆಸರು.

ಮೇಲಿದ್ದ ಬೆಟ್ಟಗಳನ್ನು ಮಳೆ, ಗಾಳಿ ಸಾವಕಾಶವಾಗಿ ತಿಂದು ಮುಗಿಸಿದವು. ನಾನು ಹೊಳೆನರಸೀಪುರದ ಆಚೆಯ ಒಂದು ಬೋಳುಗುಡ್ಡದ ಮೇಲೆ ಬಿಸಿಲಿಗೆ ಬಂದೆ. ಮೇಕೆಗಳು ನನ್ನ ಮೇಲೆ ನಿಂತು ದೂರ ನೋಡುತ್ತಿದ್ದವು. ಅವು ಏನು ನೋಡುತ್ತಿದ್ದವೋ ನನಗೆ ಕೊನೆಗೂ ತಿಳಿಯಲಿಲ್ಲ.

ಒಂದು ಜನವರಿಯ ಮಧ್ಯಾಹ್ನ ಮೈಸೂರಿನ ಕಾಲೇಜಿನಿಂದ ಎಂ.ಎಸ್ಸಿ. ವಿದ್ಯಾರ್ಥಿಗಳು ಸುತ್ತಿಗೆ ಹಿಡಿದು ಬಂದರು. ನನ್ನನ್ನು ಮೊದಲು ಎತ್ತಿದ ಕೈ ಚೆಲುವಾಂಬಳದು, ಕೃಷ್ಣರಾಜಪೇಟೆ ಕಡೆಯ ಹುಡುಗಿ. ಕಲ್ಲು ನೋಡುವವರ ರೂಢಿಯಂತೆ ಅವಳು ಉಗುಳು ಹಚ್ಚಿ ಸೆರಗಿನಿಂದ ಒರೆಸಿದಳು. ಅವಳಿ ಹರಳು ಮಿಂಚಿತು.

“ವಾರಿಜಾ, ಬಾ ಇಲ್ಲಿ! ಇದರ ಎದೆ ನೋಡಮ್ಮಿ!”

ವಾರಿಜಾ ಮೈಸೂರಿನವಳು, ಅವಳ ಜೀವದ ಗೆಳತಿ. ಇಬ್ಬರೂ ತಲೆಗೆ ತಲೆ ತಾಗಿಸಿ ನನ್ನನ್ನು ನೋಡಿದರು. ಚೆಲುವಾಂಬಳ ಚೀಲ ಹರಿದಿದ್ದರಿಂದ ನಾನು ವಾರಿಜಾಳ ಚೀಲ ಸೇರಿದೆ. ಅಷ್ಟೇ ನಡೆದದ್ದು.

ಸಂಜೆ ಶಿಬಿರದಲ್ಲಿ ಪ್ರಾಧ್ಯಾಪಕರು ಎಲ್ಲರ ಚೀಲ ಬಿಡಿಸಿ ನೋಡಿದರು. ನನ್ನನ್ನು ಕೈಗೆತ್ತಿಕೊಂಡು ಎದ್ದು ನಿಂತರು. “ಇದು ಯಾರಿಗೆ ಕಂಡಿದ್ದು?”

ಚೆಲುವಾಂಬ ಆಗ ಬಾವಿಯ ಹತ್ತಿರ ಕಾಲು ತೊಳೆಯುತ್ತಿದ್ದಳು.

“ನನಗೆ ಸಾರ್,” ಎಂದಳು ವಾರಿಜಾ.

ಯಾವ ದುರುದ್ದೇಶವೂ ಇರಲಿಲ್ಲ. ಮಾತು ಬಾಯಿಂದ ಜಾರಿತು, ಹಿಂದಕ್ಕೆ ಕರೆಯುವಷ್ಟರಲ್ಲಿ ಪ್ರಾಧ್ಯಾಪಕರು ನನ್ನ ಬೆನ್ನಿಗೆ ಬಿಳಿ ಬಣ್ಣ ಬಳಿದು, ಒಣಗಿದ ಮೇಲೆ ಕಪ್ಪು ಶಾಯಿಯಲ್ಲಿ ಅವಳ ಹೆಸರಿನ ಅಕ್ಷರಗಳನ್ನು ಬರೆದಿದ್ದರು. ಮರುದಿನ ಚೆಲುವಾಂಬ ಅದನ್ನು ಓದಿದಳು. ನನ್ನನ್ನು ಇದ್ದಲ್ಲೇ ಇಟ್ಟು ಹೋದಳು. ಆ ವರ್ಷ ಪ್ರಾಧ್ಯಾಪಕರ ಹತ್ತಿರ ಸಂಶೋಧನೆಗೆ ಇದ್ದದ್ದು ಒಂದೇ ಜಾಗ. ನನ್ನ ದೆಸೆಯಿಂದ ಅದು ವಾರಿಜಾಳಿಗೆ ಸಿಕ್ಕಿತು. ಚೆಲುವಾಂಬ ಊರಿಗೆ ಹೋಗಿ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದಳು. ಇಬ್ಬರ ನಡುವೆ ಹಬ್ಬದ ಕಾರ್ಡುಗಳು ಓಡಾಡಿದವು, ಆಮೇಲೆ ಅವೂ ನಿಂತವು.

ನಾನು ವಿಭಾಗದ ಗಾಜಿನ ಬೀರುವಿನಲ್ಲಿ ಬಹುಕಾಲ ನಿದ್ದೆ ಮಾಡಿದೆ. ವಾರಿಜಾ ಅಲ್ಲೇ ಅಧ್ಯಾಪಕಿಯಾದಳು. ವರ್ಷಕ್ಕೊಮ್ಮೆ ನನ್ನನ್ನು ಹೊರತೆಗೆದು ವಿದ್ಯಾರ್ಥಿಗಳಿಗೆ ತೋರಿಸುತ್ತಿದ್ದಳು. “ಹೊಳೆನರಸೀಪುರದ ಕಡೆಯದು,” ಎಂದಷ್ಟೇ ಹೇಳುತ್ತಿದ್ದಳು. “ಮೇಡಮ್ಮೇ ಕಂಡಿದ್ದಂತೆ ಕಣೋ, ಹೇಳಿಕೊಳ್ಳೋದೇ ಇಲ್ಲ ನೋಡು, ಎಂಥ ವಿನಯ!” ಎಂದು ಹುಡುಗರು ಪಿಸುಗುಟ್ಟುತ್ತಿದ್ದರು. ಅವಳ ಬೆರಳು ನನ್ನ ಮೇಲೆ ತಣ್ಣಗಾಗುತ್ತಿತ್ತು.

ನಿವೃತ್ತಿಯ ದಿನ ಅವಳಿಗೆ ಶಾಲು, ಹಾರ, ಗಂಧದ ಪೆಟ್ಟಿಗೆ ಕೊಟ್ಟರು. ಅವಳು ಕೇಳಿ ಪಡೆದದ್ದು ನನ್ನನ್ನು. ಜಯಲಕ್ಷ್ಮೀಪುರಂನ ಮನೆಯಲ್ಲಿ, ಕಿಟಕಿಯ ಪಕ್ಕದ ಮೇಜಿನ ಮೇಲೆ ನನ್ನ ಹೊಸ ಬಾಳು ಶುರುವಾಯಿತು. ವಾರಿಜಾ ಕಾದಂಬರಿ ಬರೆಯತೊಡಗಿದ್ದಳು.

ಅವಳು ಬರೆಯುವ ಕ್ರಮವೇ ಬೇರೆ. ಬೆಳಿಗ್ಗೆ ಕಾಫಿ ಮುಗಿಸಿ, ನಾಲ್ಕು ಪೆನ್ಸಿಲುಗಳನ್ನು ಹೆರೆದು, ಉದ್ದದ ಕ್ರಮದಲ್ಲಿ ಜೋಡಿಸುತ್ತಿದ್ದಳು. ಹತ್ತು ಸಾಲು ಬರೆದು, ಆರು ಹೊಡೆದು ಹಾಕುತ್ತಿದ್ದಳು. ಕೆಲವು ದಿನ ಬರೆಯುತ್ತಲೇ ಇರಲಿಲ್ಲ. ಎದುರುಮನೆಯ ಆಕಾಶಮಲ್ಲಿಗೆ ಮರವನ್ನು ನೋಡುತ್ತಾ ಕೂರುತ್ತಿದ್ದಳು, ಅವಳ ಮುಖದ ಮೇಲೆ ಯಾರೋ ನಡೆದುಹೋಗುತ್ತಿರುವ ಹಾಗೆ ಕಾಣುತ್ತಿತ್ತು. ಅಂಥ ದಿನಗಳ ಮರುದಿನವೇ ಒಳ್ಳೆಯ ಪುಟ ಹುಟ್ಟುತ್ತಿತ್ತು. ಬರೆದು ಮುಗಿಸಿದ ಅಧ್ಯಾಯವನ್ನು ನನ್ನ ಅಡಿಯಲ್ಲಿಡುತ್ತಿದ್ದಳು. “ಒತ್ತಡಕ್ಕೆ ಇಟ್ಟಿದೀನಿ,” ಎಂದು ಫೋನಿನಲ್ಲಿ ತಮಾಷೆ ಮಾಡುತ್ತಿದ್ದಳು. ಮೂರು ವಾರದ ಮೇಲೆ ನನ್ನನ್ನೆತ್ತಿ ಓದುತ್ತಿದ್ದಳು. ಸುಳ್ಳೆನಿಸಿದ ಸಾಲು ಹೋಗುತ್ತಿತ್ತು. ಉಳಿದದ್ದು ಕೆಂಪು ಫೈಲಿಗೆ ಸೇರುತ್ತಿತ್ತು. ಹೀಗಾಗಿ ಆ ಕಾದಂಬರಿಯನ್ನು ಮೊದಲು ಓದಿದವನು ನಾನು, ಅದೂ ಅಡಿಯಿಂದ.

ಕಾದಂಬರಿಯ ಹೆಸರು ‘ಒಳಹರಳು’. ಇಬ್ಬರು ಗೆಳತಿಯರ ಕತೆ. ಕತೆಯ ನಾಯಕಿಗೆ ಗುಡ್ಡದ ಮೇಲೆ ಒಂದು ಅಪರೂಪದ ಕಲ್ಲು ಕಾಣುತ್ತದೆ, ಅದರಿಂದ ಅವಳ ಬದುಕು ಅರಳುತ್ತದೆ. ಮುಂದೆ ‘ಶಿಬಿರದ ಸಂಜೆ’ ಎಂಬ ಅಧ್ಯಾಯದಲ್ಲಿ, ಕಲ್ಲು ಕಂಡದ್ದು ತನಗಲ್ಲ, ಗೆಳತಿ ರುಕ್ಮಿಣಿಗೆ ಎಂದು ನಾಯಕಿ ಬಾಯಿಬಿಡುತ್ತಾಳೆ. ಇಡೀ ಪುಸ್ತಕ ಬರೆದದ್ದೇ ಆ ಏಳು ಹಾಳೆಗಳಿಗಾಗಿ ಎಂದು ನನಗೆ ಗೊತ್ತಿತ್ತು. ಅವನ್ನು ನನ್ನ ಅಡಿಯಲ್ಲಿಟ್ಟಾಗ ವಾರಿಜಾಳ ಕೈ ನನ್ನ ಮೇಲೆ ಸ್ವಲ್ಪ ಹೊತ್ತು ಹಾಗೇ ಇತ್ತು.

ಮೂರು ವಾರ ಕಳೆಯಿತು. ಆರಾಯಿತು. ಪ್ರಕಾಶಕ ಶಿವನಂಜಪ್ಪ ಬಂದು ಕೆಂಪು ಫೈಲನ್ನು ಒಯ್ದರು. ಏಳು ಹಾಳೆ ನನ್ನ ಅಡಿಯಲ್ಲೇ ಉಳಿದವು.

ಕರಡು ತಿದ್ದುವಾಗ ತಿಳಿಯಲಿಲ್ಲವೇ ಎಂದು ನೀವು ಕೇಳಬಹುದು. ವಾರಿಜಾ ಕರಡನ್ನು ಕೊನೆಯ ಸಾಲಿನಿಂದ ಮೊದಲ ಸಾಲಿಗೆ, ಹಿಂದುಮುಂದಾಗಿ ಓದಿದಳು. ನೇರವಾಗಿ ಓದಿದರೆ ಮನಸ್ಸು ಕತೆಯ ಹಿಂದೆ ಓಡುತ್ತದೆ, ಕಣ್ಣಿಗೆ ಅಕ್ಷರ ಕಾಣುವುದಿಲ್ಲ ಎಂಬುದು ಅವಳ ಸಿದ್ಧಾಂತ. ಮೂರು ಸಲ ಹೀಗೆ ಓದಿ, ಲ ಇರಬೇಕಾದಲ್ಲಿ ಳ, ಬಿಟ್ಟುಹೋದ ಒತ್ತು, ಜಾರಿದ ದೀರ್ಘ ಎಲ್ಲವನ್ನೂ ಹಿಡಿದಳು. ಅಧ್ಯಾಯಗಳಿಗೆ ಹೆಸರಿತ್ತು, ಅಂಕಿ ಇರಲಿಲ್ಲ. ಒಂದು ಇಡೀ ಅಧ್ಯಾಯ ಇಲ್ಲದ್ದು ಅವಳ ಕಣ್ಣಿನಿಂದ ತಪ್ಪಿಸಿಕೊಂಡಿತು. ಮರೆತಳೋ, ಮರೆಸಿಕೊಂಡಳೋ, ನಾನು ಹೇಳಲಾರೆ. ನನಗೆ ಬಾಯಿದ್ದಿದ್ದರೆ ಆಗ ಕೂಗುತ್ತಿದ್ದೆ.

ಅಚ್ಚಾದ ಮೊದಲ ಪ್ರತಿಗೆ ಸಹಿ ಮಾಡಿ, ಅವಳೇ ಅಂಚೆಗೆ ಹಾಕಿ ಕೃಷ್ಣರಾಜಪೇಟೆಗೆ, ಚೆಲುವಾಂಬಳಿಗೆ ಕಳಿಸಿದಳು. ಆಮೇಲೆ ಫೋನಿನ ಮೇಲೆ ಕಣ್ಣಿಟ್ಟು ಕೂತಳು. ನಾಲ್ಕು ದಿನ, ಎಂಟು ದಿನ. ಕೊನೆಗೆ ತಾನೇ ಕರೆ ಮಾಡಿದಳು.

“ಚೆಲುವಿ, ಪುಸ್ತಕ ಓದಿದ್ಯಾ?”

“ಓದಿದೆ.”

“ಭಾನುವಾರ ಬಿಡುಗಡೆ. ಬರ್ತೀಯಾ?”

“ಬತ್ತೀನಿ,” ಎಂದಷ್ಟೇ ಆ ಕಡೆಯಿಂದ.

ಶಿವನಂಜಪ್ಪನವರಿಗೆ ಇದೊಂದೂ ತಿಳಿಯದು. ಅವರು ಪ್ರಚಾರದ ಸಂಭ್ರಮದಲ್ಲಿದ್ದರು. “ಮೇಡಂ, ಈಗಿನ ಕಾಲದಲ್ಲಿ ಪುಸ್ತಕ ಬರೆದರೆ ಸಾಲದು, ಕಾಣಿಸ್ಕೋಬೇಕು. ಆ ಕಲ್ಲನ್ನ ತನ್ನಿ. ಒಂದು ರೀಲ್ ಮಾಡೋಣ.”

“ಕಲ್ಲು ಅಲ್ಲಾಡಲ್ಲ ಕಣ್ರೀ ಶಿವನಂಜಪ್ಪ, ರೀಲ್‌ನಲ್ಲಿ ಏನು ಮಾಡುತ್ತೆ?”

“ಅಲ್ಲಾಡದವರೇ ಕಮ್ಮಿ ಮೇಡಂ ಈಗ. ಜನ ನಿಂತು ನೋಡ್ತಾರೆ.”

ಭಾನುವಾರ ಬೆಳಿಗ್ಗೆ ರೇಷ್ಮೆ ಸೀರೆ ಉಟ್ಟು ಬಂದು ವಾರಿಜಾ ನನ್ನನ್ನೆತ್ತಿದಳು. ಅಡಿಯಲ್ಲಿ ಏಳು ಹಾಳೆ. ಮೇಲಿನದು ಬಿಸಿಲಿಗೆ ಹಳದಿಯಾಗಿತ್ತು. ನನ್ನ ಆಕಾರದಷ್ಟು ಜಾಗ ಮಾತ್ರ ಬೆಳ್ಳಗೆ ಉಳಿದಿತ್ತು. ಅವಳು ನಿಂತಲ್ಲೇ ಪುಸ್ತಕವನ್ನು ತೆಗೆದು, ಈ ಸಲ ನೇರವಾಗಿ, ಪುಟ ತಿರುವಿದಳು. ಕಲ್ಲು ನಾಯಕಿಗೇ ಕಂಡಿತ್ತು, ಕೊನೆಯವರೆಗೂ ಅವಳದೇ ಆಗಿ ಉಳಿದಿತ್ತು. ಒಮ್ಮೆ ಬಾಯಿ ಜಾರಿ ಹೇಳಿದ ಸುಳ್ಳು ಈಗ ಅಚ್ಚಾಗಿ, ಅವಳ ಸಹಿಯ ಸಮೇತ, ಚೆಲುವಾಂಬಳ ಮನೆ ಸೇರಿತ್ತು.

ಸಭಾಂಗಣದಲ್ಲಿ ಉಪ್ಪಿಟ್ಟಿನ ಘಮ ಇನ್ನೂ ಇತ್ತು. ನನ್ನನ್ನು ಕೆಂಪು ಬಟ್ಟೆಯ ಮೇಲೆ ಕೂರಿಸಿದರು. ಮೂರನೆಯ ಸಾಲಿನಲ್ಲಿ, ಬಿಳಿ ಕೂದಲಿನ, ನೀಲಿ ನೂಲಿನ ಸೀರೆಯ ಒಬ್ಬ ಹೆಂಗಸು ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅವಳು ನನ್ನನ್ನು ಒಮ್ಮೆ ನೋಡಿದಳು, ಮತ್ತೆ ನೋಡಲಿಲ್ಲ.

ಭಾಷಣಗಳು ಮುಗಿದವು. “ಲೇಖಕಿಯವರು ಈಗ ಒಂದು ಭಾಗ ಓದುತ್ತಾರೆ,” ಎಂದರು ನಿರೂಪಕರು. ವಾರಿಜಾ ಪುಸ್ತಕವನ್ನು ಮುಚ್ಚಿಟ್ಟು ಕೈಚೀಲದಿಂದ ಆ ಏಳು ಹಾಳೆ ತೆಗೆದಳು. ಓದತೊಡಗಿದಳು. ಸಭೆಯಲ್ಲಿ ಪುಟ ಮಗುಚುವ ಸದ್ದು. ಶಿವನಂಜಪ್ಪ ಬಗ್ಗಿ ಕೇಳಿದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು.

“ಮೇಡಂ, ಯಾವ ಪುಟ?”

“ಪುಟ ಇಲ್ಲ. ಬಿಟ್ಟುಹೋಗಿದೆ.”

“ಅಯ್ಯೋ! ಡಿಟಿಪಿ ಮಾಡಿದವರು...”

“ಅವರದ್ದಲ್ಲ. ತಪ್ಪು ನನ್ನದು.”

ಅವಳು ಮುಂದುವರಿಸಿದಳು. ಹಾಳೆಯಲ್ಲಿ ರುಕ್ಮಿಣಿ ಎಂದಿದ್ದ ಕಡೆಯಲ್ಲೆಲ್ಲ ಚೆಲುವಾಂಬ ಎಂದು ಓದಿದಳು. ಗೆಳತಿಯ ಚುರುಕು ಕಣ್ಣಿಗೆ ಕಲ್ಲು ಹೇಗೆ ಕಂಡಿತು, ತಾನು ಹೇಗೆ ಅದನ್ನು ಕದ್ದೆ, ಅಂದಿನಿಂದ ಹೇಗೆ ನಿದ್ದೆ ಕೆಟ್ಟಿತು, ಎಲ್ಲ ಬಂತು. ಕೆಲವರು ಕಣ್ಣೊರೆಸಿಕೊಂಡರು.

ಓದಿ ಮುಗಿದಾಗ ಮೂರನೆಯ ಸಾಲಿನಲ್ಲಿ ಚೆಲುವಾಂಬ ಎದ್ದು ನಿಂತಳು. “ಒಂದು ತಿದ್ದುಪಡಿ ಐತೆ,” ಎಂದಳು, ಮೇಷ್ಟರ ಗಂಟಲಿನಲ್ಲಿ. “ಚುರುಕು ಕಣ್ಣೂ ಇಲ್ಲ, ಏನೂ ಇಲ್ಲ. ನಾನು ಆ ಕಲ್ಲನ್ನ ಎಡವಿ ಬಿದ್ದೆ. ಕಾಲಿನ ಹೆಬ್ಬೆಟ್ಟಿನ ಉಗುರು ಕಿತ್ತೋಯ್ತು. ಉಗುಳು ಹಚ್ಚಿದ್ದು ಮೊದಲು ಬೆಟ್ಟಿಗೆ, ಮಿಕ್ಕಿದ್ದು ಕಲ್ಲಿಗೆ.”

ಸಭೆ ಘೊಳ್ಳೆಂದು ನಕ್ಕಿತು. ಅವಳು ನಗಲಿಲ್ಲ. ಹೇಳಿದ್ದು ನಿಜ. ನನ್ನ ಗೌರವಕ್ಕೆ ಕುಂದೆಂದು ನಾನೇ ಅದನ್ನು ನಿಮಗೆ ಹೇಳದೆ ಬಿಟ್ಟಿದ್ದೆ.

ಆಮೇಲೆ ಪಕ್ಕದ ಕೋಣೆಯಲ್ಲಿ ಮೂವರೇ ಉಳಿದರು. ನನ್ನನ್ನು ಕುರ್ಚಿಯ ಮೇಲಿಟ್ಟಿದ್ದರು. ಶಿವನಂಜಪ್ಪ ತಲೆ ಕೆರೆದುಕೊಂಡರು. “ಹಿಂದೆಲ್ಲ ಪುಸ್ತಕದ ಕೊನೆಗೆ ಒಪ್ಪೋಲೆ ಅಂತ ಒಂದು ಚೀಟಿ ಅಂಟಿಸ್ತಿದ್ರು. ಎಡಗಡೆ ತಪ್ಪು, ಬಲಗಡೆ ಒಪ್ಪು. ಈ ಏಳು ಹಾಳೇನೂ ಒಪ್ಪೋಲೆ ಅಂತಲೇ ಅಚ್ಚು ಮಾಡಿ ಒಳಗೆ ಸೇರಿಸೋಣ. ಜನ ಮುಗಿಬಿದ್ದು ಓದ್ತಾರೆ.”

“ಒಪ್ಪಿಕೊಳ್ಳೋದಕ್ಕೆ ಏಳು ಹಾಳೆ ಬೇಕಾ?” ಎಂದಳು ಚೆಲುವಾಂಬ. ಹಾಳೆಗಳನ್ನು ಕೈಗೆ ತೆಗೆದುಕೊಂಡು ಒಂದೊಂದಾಗಿ ನೋಡಿದಳು. “ಚೆನ್ನಾಗಿ ಬರ್ದಿದೀಯ ಕಣಮ್ಮಿ. ಇದರಲ್ಲಿ ಆರು ಹಾಳೆ ನಿನ್ನ ಸಂಕಟ ಐತೆ. ನಂದು ಎಲ್ಲೈತೆ?”

ಆ ಆರು ಹಾಳೆಗಳಿಗೆ ವಾರಿಜಾ ಎಷ್ಟು ಪೆನ್ಸಿಲು ಸವೆಸಿದ್ದಳೆಂದು ನನಗೆ ಗೊತ್ತು.

“ಸೀಟು ಹೋಯ್ತು ಅಂತ ನಾನು ಅಳ್ಲಿಲ್ಲ,” ಎಂದಳು ಚೆಲುವಾಂಬ. “ನೀನು ಮರ್ತುಬಿಟ್ಟಿದೀಯ ಅಂತ ಅತ್ತೆ. ಪುಸ್ತಕ ಓದಿದ ಮೇಲೆ ಮರ್ತಿಲ್ಲ, ನೆನಪಿಟ್ಕೊಂಡೇ ಹಿಂಗೆ ಬರ್ದವಳೆ ಅಂತ ಇನ್ನೊಂದು ಸಲ ಅತ್ತೆ.”

ವಾರಿಜಾ ಹಾಳೆಗಳನ್ನು ಅವಳ ಕೈಯಿಂದ ತೆಗೆದುಕೊಂಡು ಎರಡಾಗಿ ಹರಿದಳು, ನಾಲ್ಕಾಗಿ ಹರಿದಳು. ಶಿವನಂಜಪ್ಪ “ಮೇಡಂ!” ಎಂದದ್ದು ಯಾರಿಗೂ ಕೇಳಿಸಲಿಲ್ಲ. ಆಹ್ವಾನ ಪತ್ರಿಕೆಯ ಹಿಂಬದಿಯಲ್ಲಿ ಒಂದೇ ಸಾಲು ಬರೆದು ಗೆಳತಿಯ ಮುಂದೆ ಹಿಡಿದಳು. ವಾರದೊಳಗೆ ಅದು ಬೆರಳುದ್ದದ ಚೀಟಿಯಾಗಿ ಪ್ರತಿಯೊಂದು ಪುಸ್ತಕದಲ್ಲೂ ಅಂಟಿತು:

ಪುಟ 112, ಸಾಲು 9. ತಪ್ಪು: ನನಗೆ ಕಂಡಿತು. ಒಪ್ಪು: ಚೆಲುವಾಂಬ ಎಡವಿದಳು.

ಓದುಗರು ತಲೆ ಕೆಡಿಸಿಕೊಂಡರು. ಕಾದಂಬರಿಯಲ್ಲಿ ಚೆಲುವಾಂಬ ಎಂಬ ಪಾತ್ರವೇ ಇಲ್ಲವಲ್ಲ ಎಂದು ಪತ್ರ ಬರೆದರು. ವಾರಿಜಾ ಯಾರಿಗೂ ವಿವರಣೆ ಕೊಡಲಿಲ್ಲ.

ಅಂದು ಹೊರಡುವ ಮೊದಲು ಅವಳು ಕೇಳಿದ್ದಳು, “ಕ್ಷಮಿಸಿದ್ಯಾ ಚೆಲುವಿ?”

“ಗೊತ್ತಿಲ್ಲ ಕಣಮ್ಮಿ. ಸದ್ಯಕ್ಕೆ ಕಲ್ಲು ಕೊಡು.”

ಹೀಗೆ ನಾನು ಬಸ್ಸಿನಲ್ಲಿ, ಎರಡು ಕಟ್ಟು ದಂಟಿನ ಸೊಪ್ಪಿನ ಪಕ್ಕ, ಕೃಷ್ಣರಾಜಪೇಟೆಗೆ ಬಂದೆ. ಈಗ ನನ್ನ ಜಾಗ ಚೆಲುವಾಂಬಳ ಪಡಸಾಲೆಯ ಕಿಟಕಿಕಟ್ಟೆ. ಬೆಳಿಗ್ಗೆ ಒಂಬತ್ತಕ್ಕೆ ಬಿಸಿಲು ಬರುತ್ತದೆ, ಹನ್ನೊಂದಕ್ಕೆ ಹೋಗುತ್ತದೆ. ಆ ಎರಡು ಗಂಟೆ ನನ್ನ ಗಾರ್ನೆಟ್‌ಗಳು ಬೆಚ್ಚಗೆ ಕಣ್ಣು ಬಿಡುತ್ತವೆ. ಮಿಕ್ಕಂತೆ ಅರೆನಿದ್ದೆ. ತಿಂಗಳಿಗೊಮ್ಮೆ ವಾರಿಜಾ ಬರುತ್ತಾಳೆ. ಮೊದಮೊದಲು ಇಬ್ಬರೂ ಮಂಡಿನೋವಿನ ವಿಷಯ ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ಈಚೆಗೆ ಅವಳು ಹೊಸದಾಗಿ ಬರೆದದ್ದನ್ನು ಓದುತ್ತಾಳೆ, ಚೆಲುವಾಂಬ ಅವರೆಕಾಯಿ ಸುಲಿಯುತ್ತಾ “ಹೂಂ” ಎನ್ನುತ್ತಾಳೆ. ಕೆಲವೊಮ್ಮೆ “ಹೂಂ” ಬರುವುದಿಲ್ಲ. ಆಗ ವಾರಿಜಾ ಆ ಸಾಲನ್ನು ಹೊಡೆದು ಹಾಕುತ್ತಾಳೆ.

ನಾನು ಎಷ್ಟೋ ಕಾಲ ಬದುಕಿದ್ದೇನೆ. ಶಿಬಿರದಿಂದ ಈಚೆಗೆ ಈ ಗೆಳತಿಯರು ಕಳೆದ ನಲವತ್ತೆಂಟು ವರ್ಷ ನನಗೆ ಒಂದು ರೆಪ್ಪೆ ಬಡಿದಷ್ಟು ಹೊತ್ತು. ಆದರೆ ಅವರಿಗೆ ಅದು ಎಷ್ಟು ಭಾರವೆಂದು, ಅದರ ಅಡಿಯಲ್ಲಿ ಬಹುದಿನ ಮಲಗಿದ್ದವನ ಹಾಗೆ ಈಗ ನನಗೆ ತಿಳಿಯುತ್ತದೆ.

ಹೋದ ತಿಂಗಳು ಪಕ್ಕದ ಮನೆಯ ಹೆಂಗಸು ಹೆಪ್ಪು ಕೇಳಲು ಬಂದವಳು ನನ್ನನ್ನು ಕಂಡು ನಿಂತಳು. “ಎಷ್ಟು ಚೆಂದಾಗೈತಕ್ಕಾ ಕಲ್ಲು! ಯಾರಿಗೆ ಸಿಕ್ತು?”

ವಾರಿಜಾ ಓದುತ್ತಿದ್ದ ಹಾಳೆಯನ್ನು ಕೆಳಗಿಟ್ಟಳು. ಚೆಲುವಾಂಬ ತಲೆಯೆತ್ತಲಿಲ್ಲ. ಒಂದು ಕಾಯಿ ಸುಲಿದು, ಕಾಳನ್ನು ಮೊರಕ್ಕೆ ಹಾಕಿ, ಸಿಪ್ಪೆಯನ್ನು ಪಕ್ಕಕ್ಕೆ ತಳ್ಳಿದಳು.

“ನಮಗೆ,” ಎಂದಳು.