ಸ್ಟೂಲು ಮತ್ತು ಕುರ್ಚಿ

ನಮ್ಮ ಮನೆಯಲ್ಲಿ ಮಾತು ಸರಿಯಾಗಿ ಪಾಲಾಗಿಲ್ಲ ಎಂದು ಅಪ್ಪ ಹೇಳುತ್ತಿರುತ್ತಾರೆ. ನನಗೆ ಬರಬೇಕಾದದ್ದೂ ಸೇರಿ ಎಲ್ಲ ತಂಗಿಗೇ ಹೋಗಿದೆಯಂತೆ. ಅದಕ್ಕೇ ಅವಳು ಗಿಣಿ. ನಾನು ಹುಟ್ಟಿದಾಗಿನಿಂದ ಪುಟ್ಟಿ. ಗಿಣಿಯೂ ಕೇಳಿ ಕೇಳಿ ಪುಟ್ಟಿ ಎನ್ನುವುದನ್ನೇ ಕಲಿತಳು. ಅಕ್ಕ ಅನ್ನು ಎಂದು ಯಾರೂ ತಿದ್ದಲಿಲ್ಲ.

ಗಿಣಿಗೆ ಹದಿನಾರು. ಅವಳ ಬುದ್ಧಿ ನಿಧಾನವಾಗಿ ಬೆಳೆಯುತ್ತದೆ ಎಂದು ಚಿಕ್ಕಂದಿನಲ್ಲೇ ಡಾಕ್ಟರು ಹೇಳಿದ್ದರು. ಮೈ ಮಾತ್ರ ಬುದ್ಧಿಗಾಗಿ ಕಾಯಲಿಲ್ಲ, ನನಗಿಂತ ಒಂದು ಗೇಣು ಎತ್ತರಕ್ಕೆ ಹೋಯಿತು. ನಾನು ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವಳು. ಮನೆಯಲ್ಲೇ ಕೂತು ಟೈಲರ್ ಅಂಗಡಿಯ ಅಂಗಿಗಳಿಗೆ ಗುಂಡಿ ಹೊಲಿಯುತ್ತೇನೆ. ಗುಂಡಿಗಳು ನಮ್ಮನ್ನು ಏನೂ ಕೇಳುವುದಿಲ್ಲ, ಅದು ನನಗೆ ಹಿಡಿಸಿದೆ.

ಗಿಣಿಗೆ ಮುಟ್ಟು ಶುರುವಾದ ಮೇಲೆ ಮನೆಯಲ್ಲಿ ನೆಮ್ಮದಿ ಹೋಯಿತು. ಮೊದಲ ದಿನ ಹೊಟ್ಟೆನೋವಿಗೆ ಒದ್ದಾಡುತ್ತಾಳೆ. ಎರಡನೆಯ ದಿನ ಸುಧಾರಿಸಿಕೊಂಡು, ಅವಳು ಹೋಗುವ ತರಬೇತಿ ಕೇಂದ್ರದಲ್ಲಿ ಕಾಗದದ ಚೀಲ ಅಂಟಿಸುತ್ತಾ ವಿಷಯವನ್ನು ಎಲ್ಲರಿಗೂ ಹೇಳುತ್ತಾಳೆ. ಕಾವಲುಗಾರನಿಗೂ ಹೇಳಿದ್ದಳು. ಆ ಮನುಷ್ಯ ಪಾಪ, ಆಮೇಲೆ ಒಂದು ವಾರ ಅಮ್ಮನನ್ನು ಕಂಡರೆ ಬೇರೆ ಕಡೆ ತಿರುಗಿ ನಿಲ್ಲುತ್ತಿದ್ದ. ದೊಡ್ಡಮ್ಮ ಫೋನಿನಲ್ಲಿ ಪರಿಹಾರ ಸೂಚಿಸಿದರು: ಗರ್ಭಕೋಶವನ್ನೇ ತೆಗೆಸಿಬಿಡು, ಮುಳ್ಳಿದ್ದರೆ ತಾನೇ ಚುಚ್ಚುವುದು. ಅವರಿಗೆ ಎಲ್ಲದಕ್ಕೂ ಕಿತ್ತುಹಾಕುವುದೇ ಔಷಧ, ಬಾಯಲ್ಲಿ ಒಂದು ಹಲ್ಲೂ ಉಳಿದಿಲ್ಲ. ಅಮ್ಮ ನಾಲ್ಕು ದಿನ ಅತ್ತಳು. ಐದನೆಯ ದಿನ ಆಸ್ಪತ್ರೆಗೆ ಹೋಗುವುದೆಂದು ನಿಶ್ಚಯಿಸಿದಳು.

ಗಿಣಿಗೆ ಯಾರೂ ಹೇಳಿರಲಿಲ್ಲ. ಅವಳಿಗೆ ಅರ್ಥವಾಗುವುದಿಲ್ಲವೆಂದು ಎಲ್ಲ ಮಾತನ್ನೂ ಅವಳ ಎದುರೇ ಆಡುತ್ತಿದ್ದರಷ್ಟೆ. ಒಗೆದ ಬಟ್ಟೆ ಮಡಿಸುವಾಗ ನನ್ನ ಪಕ್ಕಕ್ಕೆ ಸರಿದು ಕೇಳಿದಳು.

"ತೆಗೆದು ಎಲ್ಲಿಡ್ತಾರೆ, ಪುಟ್ಟಿ?"

ನಾನು ಮಡಿಸಿದ ಟವೆಲನ್ನೇ ಬಿಚ್ಚಿ ಮತ್ತೊಮ್ಮೆ ಮಡಿಸಿದೆ.

"ನಂಗೆ ಬೇಡ. ನೀನು ಡಾಕ್ಟರಿಗೆ ಹೇಳು. ನಾನು ಹೇಳಿದ್ರೆ ಎಲ್ರೂ ನಗ್ತಾರೆ."

ಹೇಳುತ್ತೇನೆ ಎಂದೆ. ಅಂಗಡಿಯಲ್ಲಿ ಚಿಲ್ಲರೆ ಕಡಿಮೆ ಕೊಟ್ಟರೆ ಕೇಳಲಾಗದೆ ಮನೆಗೆ ಬರುವವಳು ನಾನು. ಅಂಥವಳ ಮಾತಿನ ಮೇಲೆ ಭರವಸೆಯಿಟ್ಟು ಗಿಣಿ ನೆಮ್ಮದಿಯಿಂದ ಕಾಲುಚೀಲಗಳನ್ನು ಜೋಡಿಸತೊಡಗಿದಳು.

ಆಸ್ಪತ್ರೆಯಲ್ಲಿ ಹದಿಹರೆಯದವರಿಗೆಂದೇ ಹೊಸದಾಗಿ ಒಂದು ಕೋಣೆ ತೆರೆದಿದ್ದರು. ಬಾಗಿಲ ಮೇಲೆ, 'ಇಲ್ಲಿ ಆಡಿದ ಮಾತು ನಿಮ್ಮದು, ಹೊರಗೆ ಹೋಗುವುದಿಲ್ಲ' ಎಂಬ ಫಲಕ. ಅದರ ಕೆಳಗೇ ನಿಂತು ನರ್ಸು ಏನು ತೊಂದರೆ ಎಂದು ಕೇಳಿದಳು. ಅಮ್ಮ ಎಲ್ಲವನ್ನೂ ಹೇಳಿದಳು, ಆಪರೇಷನ್ ವಿಷಯವನ್ನೂ. ಬೆಂಚಿನ ಮೇಲಿದ್ದವರೆಲ್ಲ ಮನಸ್ಸಿಟ್ಟು ಕೇಳಿದರು. ಗುಟ್ಟು ಹೊರಗೆ ಹೋಗುವ ಪ್ರಶ್ನೆಯೇ ಇರಲಿಲ್ಲ, ಅದು ಹೊರಗೇ ಇತ್ತು.

ನರ್ಸು ಎಲ್ಲ ಬರೆದುಕೊಂಡು, ಮೊದಲು ಮಕ್ಕಳ ಹತ್ತಿರ ಮಾತು, ಆಮೇಲೆ ತಂದೆತಾಯಿ, ಇದು ಇಲ್ಲಿಯ ಪದ್ಧತಿ ಎಂದಳು. ಬೇಕಿದ್ದರೆ ಅಕ್ಕನೋ ತಂಗಿಯೋ ಜೊತೆಗೆ ಹೋಗಬಹುದು. ಅಮ್ಮನಿಗೆ ಸಿಟ್ಟು ಬಂತು. ಬೆಳಗ್ಗೆ ಏನು ತಿಂದೆ ಎಂದು ಹೇಳಲು ಬಾರದವಳ ಹತ್ತಿರ ಏನು ಮಾತು ಎಂದು ಗೊಣಗಿದಳು. ಗಿಣಿ ತಕ್ಷಣ, ಎರಡು ಬಾಳೆಹಣ್ಣು ಎಂದಳು. ಅಮ್ಮ ಅವಳನ್ನು ಬಿಟ್ಟು ನನ್ನತ್ತ ತಿರುಗಿದಳು.

"ನೀನೇನೂ ಮಾತಾಡ್ಬೇಕಾಗಿಲ್ಲಮ್ಮ. ದೊಡ್ಡ ಓದು ಓದಿರೋರು, ಮುಖ ನೋಡಿದ್ರೇ ಅವರಿಗೆ ಗೊತ್ತಾಗುತ್ತೆ."

ಒಳಗೆ ಮೇಜಿನ ಪಕ್ಕದಲ್ಲಿ ಒಂದು ಸ್ಟೂಲು, ಎದುರಿಗೆ ಮೆತ್ತೆಯ ಕುರ್ಚಿ. ಗಿಣಿ ಹಿಂದೊಮ್ಮೆ ಸ್ಟೂಲಿನಿಂದ ಬಿದ್ದವಳು. ಅಂದಿನಿಂದ ಬೆನ್ನಿಗೆ ಆಸರೆಯಿಲ್ಲದ ಯಾವುದರ ಮೇಲೂ ಕೂರುವುದಿಲ್ಲ. ನೇರ ಹೋಗಿ ಕುರ್ಚಿಯಲ್ಲಿ ಕೂತಳು. ಎಲ್ಲಿಗೆ ಹೋದರೂ ಅಮ್ಮನ ಕೈಚೀಲ ಅವಳ ಹೆಗಲಲ್ಲೇ. ಅದರಿಂದ ಫೈಲು ತೆಗೆದು ಡಾಕ್ಟರಮ್ಮನ ಮುಂದಿಟ್ಟು, ಊಟ ಆಯ್ತಾ ಎಂದು ವಿಚಾರಿಸಿದಳು. ನನಗೆ ಉಳಿದದ್ದು ಸ್ಟೂಲು. ಕೂತು ನೆಲದ ಹಾಸುಗಲ್ಲುಗಳನ್ನು ನೋಡತೊಡಗಿದೆ.

ಡಾಕ್ಟರಮ್ಮ ಈ ಊರಿಗೆ ಹೊಸಬರು. ಫೈಲು ನೋಡಿದರು, ನನ್ನನ್ನು ನೋಡಿದರು. ಅದರಲ್ಲಿದ್ದ ಹದಿನಾರು ವರ್ಷ ನನ್ನ ಸಣಕಲು ಮೈಗೆ ಚೆನ್ನಾಗಿಯೇ ಹೊಂದುತ್ತಿತ್ತು. ನನ್ನ ಮುಖದ ಹತ್ತಿರ ಬಾಗಿ, ದೂರದ ದಡದಲ್ಲಿ ನಿಂತವರನ್ನು ಕರೆಯುವ ಹಾಗೆ, ಒಂದೊಂದೇ ಅಕ್ಷರ ಬಿಡಿಸಿ ಹೆಸರು ಕೇಳಿದರು.

ನಾನು ಹಾಸುಗಲ್ಲುಗಳಿಂದ ಕಣ್ಣೆತ್ತಲಿಲ್ಲ.

"ಪುಟ್ಟಿ ಮಾತಾಡಲ್ಲ," ಎಂದಳು ಗಿಣಿ. "ನನ್ನ ಕೇಳಿ."

ಡಾಕ್ಟರಮ್ಮ ಅವಳ ಕಡೆಗೆ ತಿರುಗಿ, ಮಾಮೂಲಿ ದನಿಯಲ್ಲಿ, ನೀವು ಎಂದು ಮಾತು ಶುರು ಮಾಡಿದರು. ಆಗ ನನಗೆ ಗೊತ್ತಾಯಿತು, ಫೈಲಿನಲ್ಲಿರುವವಳು ನಾನೇ ಎಂದುಕೊಂಡಿದ್ದಾರೆ ಎಂದು. ನಾಲಿಗೆ ತಿರುಗಿದ್ದರೆ ಆಗಲೇ ಹೇಳುತ್ತಿದ್ದೆ. ತಿರುಗಲಿಲ್ಲ. ಆಮೇಲೆ, ತಿರುಗಿದರೂ ಹೇಳಬಾರದೆನಿಸಿತು. ಗಿಣಿಯನ್ನು ಯಾರಾದರೂ ನೀವು ಎಂದದ್ದನ್ನು ನಾನು ಕೇಳಿರಲೇ ಇಲ್ಲ.

ಪುಟ್ಟಿ ಎಷ್ಟು ಓದಿದ್ದಾಳೆ ಎಂದರು. ಅರ್ಧಕ್ಕೆ ಬಿಟ್ಟಳು ಎಂದಳು ಗಿಣಿ. ಒಬ್ಬಳೇ ಹೊರಗೆ ಹೋಗುತ್ತಾಳಾ? ಹೆದರುತ್ತಾಳೆ, ಅಂಗಡಿಯಲ್ಲಿ ನಾನೇ ಮಾತಾಡೋದು. ಸ್ನೇಹಿತರು? ಗುಂಡಿಗಳು. ಡಾಕ್ಟರಮ್ಮ ತಲೆಯಾಡಿಸುತ್ತಾ ಬರೆದುಕೊಂಡರು. ಒಂದು ಸುಳ್ಳಾದರೂ ಇದ್ದಿದ್ದರೆ ನಾನು ತಲೆಯೆತ್ತುತ್ತಿದ್ದೆನೇನೋ. ಮುಟ್ಟಿನ ನೋವಿದೆಯಾ ಎಂದು ಕೇಳಿದಾಗ, ಪುಟ್ಟಿ ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಾಳೆ, ನಾನು ಬಾಗಿಲ ಹೊರಗೆ ಕಾಯುತ್ತೇನೆ ಎಂದಳು. ನೀರಿನ ಸದ್ದಿನಲ್ಲಿ ಯಾರಿಗೂ ಕೇಳುವುದಿಲ್ಲ ಎಂದುಕೊಂಡಿದ್ದೆ ನಾನು.

"ಪ್ಯಾಡ್ ಬದಲಾಯಿಸಿಕೊಳ್ಳೋಕೆ ಬರುತ್ತಾ ಅವಳಿಗೆ?"

"ಬರುತ್ತೆ. ನಂಗೂ ಅವಳೇ ಹೇಳಿಕೊಟ್ಟಿದ್ದು."

ಡಾಕ್ಟರಮ್ಮನಿಗೆ ಆಶ್ಚರ್ಯವಾಯಿತು. ಇಂಥ ಮಕ್ಕಳಲ್ಲಿ ಇದು ದೊಡ್ಡ ಮಾತು ಎಂದರು. ನನಗೆ ತುಸು ಹೆಮ್ಮೆಯಾಯಿತು, ಯಾಕೋ.

ಆಮೇಲೆ ನರ್ಸು ಬರೆದದ್ದನ್ನು ಓದಿ ಪೆನ್ನು ಕೆಳಗಿಟ್ಟರು. "ನಿಮ್ಮ ಅಮ್ಮ ಗರ್ಭಕೋಶ ತೆಗೆಸ್ಬೇಕು ಅಂತಾರೆ. ನೀವೇನಂತೀರಿ?"

ನೀವೇನಂತೀರಿ ಎಂದು ಗಿಣಿಯನ್ನು ಯಾರೂ ಕೇಳಿದವರಿಲ್ಲ. ಕೈಚೀಲದ ಜಿಪ್ಪು ಎಳೆದಳು, ಬಿಟ್ಟಳು. ಬಟ್ಟೆ ಮಡಿಸುವಾಗ ನಾನು ಕೊಟ್ಟ ಮಾತು ಅವಳಿಗೆ ನೆನಪಿತ್ತು.

"ಪುಟ್ಟೀನ ಕೇಳಿ," ಎಂದಳು. "ಹೇಳ್ತೀನಿ ಅಂದಿದ್ದಾಳೆ."

ಡಾಕ್ಟರಮ್ಮ ಮತ್ತೆ ನನ್ನ ಮುಖದ ಹತ್ತಿರ ಬಂದರು. ಹೊಟ್ಟೆಯ ಮೇಲೆ ಕೈಯಿಟ್ಟು ತೋರಿಸಿ, ಇದನ್ನು ತೆಗೆಯೋದು ಬೇಕಾ ಎಂದು ಬಿಡಿಸಿ ಬಿಡಿಸಿ ಕೇಳಿದರು. ಗಿಣಿ ನನ್ನನ್ನೇ ನೋಡುತ್ತಿದ್ದಳು.

"ಬೇಡ," ಎಂದೆ.

ನನ್ನ ಲೆಕ್ಕಕ್ಕಿಂತ ಜೋರಾಗಿಯೇ ಬಂತು. ಡಾಕ್ಟರಮ್ಮ ಹಿಗ್ಗಿ ಚಪ್ಪಾಳೆ ತಟ್ಟಿ, ನಗುವ ಸೂರ್ಯನ ಸ್ಟಿಕ್ಕರ್ ಒಂದನ್ನು ನನ್ನ ಕೈಮೇಲೆ ಅಂಟಿಸಿದರು. ಅಮ್ಮನನ್ನು ಕರೆಸಿ, ಕೂರುವ ಮೊದಲೇ ಹೇಳತೊಡಗಿದರು: ನಿಮ್ಮ ಮಗಳಿಗೆ ಎಲ್ಲ ಅರ್ಥವಾಗುತ್ತದೆ. ಬೇಡ ಎಂದು ಸ್ಪಷ್ಟವಾಗಿ ಹೇಳಿದ್ದಾಳೆ. ಆರೋಗ್ಯವಾಗಿರುವುದನ್ನು ತೆಗೆಯುವ ಮಾತೇ ಇಲ್ಲ, ನೋವಿಗೆ ಮಾತ್ರೆಗಳಿವೆ. ಜೊತೆಗೆ ಇಷ್ಟು ತಿಳಿವಳಿಕೆಯ ದೊಡ್ಡ ಮಗಳು ಮನೆಯಲ್ಲಿರುವಾಗ ನಿಮಗೇಕೆ ಚಿಂತೆ?

ತಿಳಿವಳಿಕೆಯ ದೊಡ್ಡ ಮಗಳು ಕುರ್ಚಿಯಲ್ಲಿ ಕಾಲು ಅಲ್ಲಾಡಿಸುತ್ತಿದ್ದಳು.

"ಯಾವ ದೊಡ್ಡ ಮಗಳು?" ಎಂದಳು ಅಮ್ಮ, ಕುರ್ಚಿಯ ಕಡೆ ಕೈತೋರಿಸಿ. "ತೋರಿಸೋಕೆ ಕರ್ಕೊಂಡು ಬಂದ ಗಿಣಿ ಇವಳೇ ಅಲ್ವಾ."

ಡಾಕ್ಟರಮ್ಮ ಫೈಲು ನೋಡಿದರು. ನನ್ನನ್ನು, ಗಿಣಿಯನ್ನು, ನನ್ನ ಕೈಮೇಲಿನ ಸೂರ್ಯನನ್ನು ನೋಡಿದರು. ಅವರ ಕಿವಿಗಳು ಕೆಂಪಾದವು. ಅಮ್ಮನಿಗೆ ಇದೇ ಸಮಯವೆನಿಸಿತು. ಹಾಗಾದರೆ ಬೇಡ ಎಂದದ್ದು ಇವಳಲ್ಲ, ಆ ಮಾತು ಲೆಕ್ಕಕ್ಕಿಲ್ಲ, ಆಪರೇಷನ್ ದಿನ ಹೇಳಿಬಿಡಿ ಎಂದಳು. "ನಾನು ಹೋದ್ಮೇಲೆ ಇವಳ ಬಟ್ಟೆ ಯಾರು ನೋಡ್ತಾರೆ, ಡಾಕ್ಟರೇ?"

ಡಾಕ್ಟರಮ್ಮ ಗಂಟಲು ಸರಿಮಾಡಿಕೊಂಡು ಗಿಣಿಯ ಕಡೆ ಬಾಗಿದರು. ದೂರದ ದಡದ ದನಿ ಮರಳಿ ಬಂತು. "ಗಿ-ಣೀ, ಪು-ಟ್ಟಾ, ನಿ-ನ-ಗೆ..."

ಗಿಣಿ ಹಿಂದಕ್ಕೆ ಸರಿದಳು. "ಯಾಕೆ ಕೂಗ್ತೀರ? ಆಗ್ಲೇ ಚೆನ್ನಾಗಿ ಮಾತಾಡ್ತಿದ್ರಲ್ಲ."

ಡಾಕ್ಟರಮ್ಮ ನಿಧಾನವಾಗಿ ನೆಟ್ಟಗೆ ಕೂತರು. ಆಮೇಲೆ ಮೊದಲಿನ ದನಿಯಲ್ಲೇ ಕೇಳಿದರು.

"ಸರಿ. ನೀವೇನಂತೀರಿ?"

"ನಂಗೂ ಬೇಡ. ಪುಟ್ಟಿ ಹೇಳಿದ್ಲಲ್ಲ." ಸ್ವಲ್ಪ ಯೋಚಿಸಿ ಸೇರಿಸಿದಳು, "ನೋವಿಗೆ ಮಾತ್ರೆ ಕೊಡಿ. ಇಬ್ರಿಗೂ."

ಡಾಕ್ಟರಮ್ಮ ಬರೆದುಕೊಟ್ಟರು, ಇಬ್ಬರಿಗೂ. ಬಟ್ಟೆಯ ವಿಷಯ ಗಿಣಿಗೆ ಆಗಲೇ ಗೊತ್ತಿದೆ, ಯಾರ ಹತ್ತಿರ ಹೇಳಬೇಕು, ಯಾರ ಹತ್ತಿರ ಬೇಡ ಎಂಬುದನ್ನು ಕಲಿಸಿದರೆ ಸಾಕು, ಅದನ್ನು ಇಲ್ಲೇ ಕಲಿಸುತ್ತಾರೆ, ತಿಂಗಳಿಗೊಮ್ಮೆ ಕರೆದುಕೊಂಡು ಬನ್ನಿ ಎಂದು ಅಮ್ಮನಿಗೆ ಹೇಳಿದರು. ಯಾರನ್ನು ಎಂದು ಅಮ್ಮ ಕೇಳಿದಳು. ಡಾಕ್ಟರಮ್ಮ ನನ್ನನ್ನೂ ಒಮ್ಮೆ ನೋಡಿ, ಇಬ್ಬರೂ ಬಂದರೆ ಒಳ್ಳೆಯದು ಎಂದರು.

ಹೊರಗೆ ಬಂದು ಬಸ್ಸಿಗೆ ಕಾಯುವಾಗ ದೊಡ್ಡಮ್ಮನ ಫೋನು ಬಂತು. ಅಮ್ಮ ಡಾಕ್ಟರಮ್ಮನಿಗೆ ಬೈಯುತ್ತಲೇ ಶುರು ಮಾಡಿದಳು. ಎಂಥ ಓದು ಓದಿದ್ದಾರೋ, ಇಬ್ಬರ ಮುಖ ನೋಡಿಯೂ ಯಾರು ಯಾರೆಂದು ತಿಳಿಯಲಿಲ್ಲ ಎಂದಳು. ನಮ್ಮಿಬ್ಬರನ್ನೂ ಸ್ವಲ್ಪ ಹೊತ್ತು ನೋಡಿದಳು. ಆ ಕಡೆಯಿಂದ ದೊಡ್ಡಮ್ಮ ಆಪರೇಷನ್ ಯಾವಾಗ ಎಂದು ಕೇಳಿರಬೇಕು.

"ಇಲ್ಲ ಅಕ್ಕ, ಬೇಡವಂತೆ... ಯಾರು ಅಂದ್ರೆ? ಗಿಣೀನೇ ಹೇಳಿದ್ಲು."

ಗಿಣಿಗೆ ಅದು ಕೇಳಿಸಲಿಲ್ಲ. ಅವಳ ಕಣ್ಣೆಲ್ಲ ನನ್ನ ಕೈಮೇಲಿನ ಸೂರ್ಯನ ಮೇಲಿತ್ತು. ಅದು ತನ್ನದು, ಡಾಕ್ಟರು ತನಗೆಂದೇ ಇಟ್ಟುಕೊಂಡಿದ್ದರು, ತಪ್ಪಿ ನನಗೆ ಅಂಟಿಸಿದರು ಎಂದು ವಾದಿಸಿದಳು. ವಾದದಲ್ಲಿ ನ್ಯಾಯವಿತ್ತು. ಆದರೂ ನಾನು ಕೊಡಲಿಲ್ಲ. ಬಾಯಿ ಬಿಟ್ಟು ಸಂಪಾದಿಸಿದ್ದು ನನ್ನ ಹತ್ತಿರ ಅದೊಂದೇ ಇತ್ತು.